ಬ್ರೇಕ್ ಮೇಲಿನ ಕಾಲು

ಟಿಕೋಟಾದ ಗೌಡರ ಕಾರು ನನ್ನ ಗ್ಯಾರೇಜಿಗೆ ಮೊದಲ ಸಲ ಬಂದದ್ದು ಒಂದು ಅಮಾವಾಸ್ಯೆಯ ಬೆಳಿಗ್ಗೆ. ಮುಂದಿನ ಎಡ ಚಕ್ರದಿಂದ ಹುಂಯ್ ಎಂಬ ಸದ್ದು ಬರುತ್ತಿತ್ತು. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚುತ್ತಿತ್ತು. ಬೇರಿಂಗ್ ಹೋಗಿದೆ ಎಂದು ಹೇಳುವುದಕ್ಕೆ ಜ್ಯೋತಿಷಿ ಬೇಕಾಗಿರಲಿಲ್ಲ. ಪಕ್ಕದ ಬಿಡಿಭಾಗದ ಅಂಗಡಿಯಿಂದ ಹೊಸದನ್ನು ತರಿಸಿದೆ. ಆದರೆ ಅಮಾವಾಸ್ಯೆಯ ದಿನ ಪೂಜೆಯಾಗದೆ ನಮ್ಮಲ್ಲಿ ಪಾನಾ, ಅಂದರೆ ಸ್ಪ್ಯಾನರ್, ಹಿಡಿಯುವುದಿಲ್ಲ. ಹೊಸ ಬೇರಿಂಗನ್ನು ಡಬ್ಬಿಯಿಂದ ತೆಗೆದು ಅಯಸ್ಕಾಂತದ ಮೇಲಿಟ್ಟೆ, ಎರಡಕ್ಕೂ ಕುಂಕುಮ ಹಚ್ಚಿದೆ, ಊದಿನಕಡ್ಡಿ ಬೆಳಗಿದೆ, ಕಾಯಿ ಒಡೆದೆ. ಆಮೇಲೆ ಕೆಲಸಕ್ಕೆ ಕೈ ಹಾಕಿದೆ.

ಈ ಅಯಸ್ಕಾಂತದ ವಿಷಯ ಹೇಳಬೇಕು. ಮೆರವಣಿಗೆಯ ಡಿ.ಜೆ. ಗಾಡಿಯೊಂದು ರಿಪೇರಿಗೆ ಬಂದಾಗ, ಸುಟ್ಟುಹೋದ ಸ್ಪೀಕರಿನಿಂದ ನಾನೇ ಕಿತ್ತಿಟ್ಟುಕೊಂಡದ್ದು. ಅಂಗೈಯಗಲ ಇದೆ, ಆದರೆ ದೊಡ್ಡ ಪಾನಾ ಕಚ್ಚಿಕೊಂಡರೆ ಬಿಡಿಸಲು ಎರಡೂ ಕೈ ಬೇಕು. ಬಿಚ್ಚಿದ ನಟ್ಟು, ಬೋಲ್ಟು, ಸ್ಪ್ರಿಂಗು ಎಲ್ಲ ಅದರ ಮೇಲೆಯೇ. ನನ್ನ ಗ್ಯಾರೇಜಿನಲ್ಲಿ ಒಂದು ವಾಶರ್ ಕೂಡ ಕಳೆಯುವುದಿಲ್ಲ ಎಂದು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಹೆಸರಿದೆ, ಆ ಹೆಸರು ಬಂದದ್ದು ಇದರಿಂದ. ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಮೊದಲ ಹೂವು ಇದಕ್ಕೇ. ಹೊಸ ಬಿಡಿಭಾಗ ಯಾವುದೇ ಬರಲಿ, ಮೊದಲು ಅಯಸ್ಕಾಂತದ ಮೇಲೆ ಕೂತು ಆಮೇಲೆ ಗಾಡಿಗೆ ಹೋಗಬೇಕು. ಯಾರೂ ಕಲಿಸಿದ ಪದ್ಧತಿಯಲ್ಲ ಅದು, ನಾನೇ ಹುಟ್ಟಿಸಿದ್ದು. ಗಿರಾಕಿಗಳಿಗೂ ಬಹಳ ಹಿಡಿಸಿತ್ತು.

ಬೇರಿಂಗ್ ಹಾಕಿದೆ, ಸದ್ದು ಹೋಯಿತು, ಗೌಡರು ಖುಷಿಯಿಂದ ಹೋದರು.

ಕೆಲವು ವಾರ ಬಿಟ್ಟು ಅದೇ ಕಾರು ಮತ್ತೆ ಬಂತು. ಈ ಸಲ ಓಡಿಸಿಕೊಂಡು ಬಂದದ್ದು ಗೌಡರ ಸೊಸೆ, ಗೌಡರು ಪಕ್ಕದಲ್ಲಿ ಕೂತಿದ್ದರು. ಈಕೆ ಬಬಲೇಶ್ವರದ ಹೈಸ್ಕೂಲಿನಲ್ಲಿ ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು. ಟಿಕೋಟಾದಿಂದ ನೇರ ಹೋಗುವ ಬಸ್ಸು ಸಾಲಿಯ ಹೊತ್ತಿಗೆ ಹೊಂದುವುದಿಲ್ಲ. ಹಾಗಾಗಿ ಮೊದಲು ವಿಜಯಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ತಿರುಗಿ ಬಬಲೇಶ್ವರಕ್ಕೆ ಹೋಗಬೇಕು. ಹೋದ ವರ್ಷದವರೆಗೂ ಆಕೆ ಮಗಳು ಏಳುವ ಮೊದಲೇ ಮನೆ ಬಿಟ್ಟು, ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟುತ್ತಿದ್ದರಂತೆ. ಗಂಡ ಒಣದ್ರಾಕ್ಷಿ ವ್ಯಾಪಾರದಲ್ಲಿ ಊರೂರು ತಿರುಗುವವರು. ಕಡೆಗೆ ಆಕೆ ಹಟ ಹಿಡಿದು ಕಾರು ಕಲಿತರು. ಗೌಡರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಇದನ್ನೆಲ್ಲ ಗೌಡರೇ ನಗುತ್ತ ಹೇಳಿದ್ದರು, ಸೊಸೆಯ ಹಟದ ಬಗ್ಗೆ ಒಂದಿಷ್ಟು ಹೆಮ್ಮೆ, ಒಂದಿಷ್ಟು ಅಸಮಾಧಾನ ಕೂಡಿಸಿ.

ಅಕ್ಕೋರು ತೊಂದರೆಯನ್ನು ಸ್ಪಷ್ಟವಾಗಿ ಹೇಳಿದರು. ಒಣ ರಸ್ತೆಯಲ್ಲಿ, ನಿಧಾನ ಹೋಗುವಾಗ, ಅದರಲ್ಲೂ ತಿರುವು ಮುಗಿಸಿ ಹೊರಡುವಾಗ ಡ್ಯಾಶ್‌ಬೋರ್ಡಿನಲ್ಲಿ ಗಾಡಿ ಜಾರುವ ಚಿತ್ರದ ಹಳದಿ ದೀಪ ಮಿಣುಕುತ್ತದೆ. ಅದೇ ಕ್ಷಣ ಮುಂದಿನಿಂದ ಗುರ್ ಎಂಬ ಸದ್ದು. ಆಮೇಲೆ ಎಕ್ಸಲರೇಟರ್ ಒತ್ತಿದರೂ ಒಂದೆರಡು ಗಳಿಗೆ ಗಾಡಿ ಎಳೆಯುವುದಿಲ್ಲ.

ಈ ಮಾತನ್ನು ಇವತ್ತು ಬರೆಯುವಾಗ ಕೈ ನಿಲ್ಲುತ್ತದೆ. ಇದಕ್ಕಿಂತ ಚೆನ್ನಾಗಿ ಒಬ್ಬ ಗಿರಾಕಿ ಇನ್ನೇನು ಹೇಳಬೇಕು? ಟ್ರ್ಯಾಕ್ಷನ್ ಕಂಟ್ರೋಲ್ ಎಂಬುದರ ಕೆಲಸ ಇಷ್ಟೇ. ನಾಲ್ಕೂ ಚಕ್ರದ ವೇಗವನ್ನು ಸದಾ ಹೋಲಿಸಿ ನೋಡುತ್ತಿರುತ್ತದೆ. ಎಳೆಯುವ ಚಕ್ರಗಳಲ್ಲಿ ಒಂದು ಉಳಿದವುಗಳಿಗಿಂತ ಜೋರಾಗಿ ತಿರುಗಿದರೆ, ಅದು ಕೆಸರಿನಲ್ಲೋ ಮರಳಿನಲ್ಲೋ ಜಾರುತ್ತಿದೆ ಎಂದು ತಿಳಿದು ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ, ಆ ಒಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ. ಗುರ್ ಎನ್ನುವುದು ಆ ಬ್ರೇಕಿನ ಪಂಪು. ದೀಪ ಮಿಣುಕಿದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ, ಮಿಣುಕದೆ ಹೊತ್ತಿಯೇ ಇದ್ದರೆ ಕೆಟ್ಟಿದೆ ಅಥವಾ ಬಂದ್ ಮಾಡಿದ್ದಾರೆ ಎಂದರ್ಥ. ಒಣ ಡಾಂಬರಿನ ಮೇಲೆ, ಜಾರುವುದಕ್ಕೆ ಏನೂ ಇಲ್ಲದ ಕಡೆ ಮಿಣುಕಿದರೆ ಯಾವುದೋ ಚಕ್ರದ ಲೆಕ್ಕ ಅದಕ್ಕೆ ತಪ್ಪಾಗಿ ಮುಟ್ಟುತ್ತಿದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳುತ್ತಿದ್ದವರು ಒಂದೇ ವರ್ಷದ ಹಿಂದೆ ಕಾರು ಕಲಿತ ಹೆಣ್ಣುಮಗಳು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣ ನನಗೆ ಸಿಗುತ್ತಿಲ್ಲ.

ಸ್ಟೇರಿಂಗ್ ಕೆಳಗೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿದೆ. ತಪ್ಪಿನ ಕೋಡ್ ಒಂದೂ ಬರಲಿಲ್ಲ. ಕಾರು ತೆಗೆದುಕೊಂಡು ಸೊಲ್ಲಾಪುರ ರಸ್ತೆಯಲ್ಲಿ ಬೈಪಾಸ್ ತನಕ ಭರ್ ಎಂದು ಹೋಗಿ ಬಂದೆ. ದೀಪ ಮಿಣುಕಲಿಲ್ಲ. ನಿಧಾನ ಹೋಗುವಾಗ ಎಂದು ಆಕೆ ಹೇಳಿದ್ದರು, ನಾನು ಜೋರಾಗಿ ಓಡಿಸಿ ನೋಡಿದೆ.

ಅದು ಚಹಾದ ಹೊತ್ತು. ಪಕ್ಕದ ಬಿಡಿಭಾಗದ ಅಂಗಡಿಯವನೂ ಎದುರಿನ ಟಯರ್ ಅಂಗಡಿಯವನೂ ನನ್ನ ಬಾಗಿಲಲ್ಲಿ ಕೂತಿದ್ದರು. ಕೇಳುವವರು ಇದ್ದರೆ ನನ್ನ ನಾಲಿಗೆ ಉದ್ದವಾಗುತ್ತದೆ.

"ಗಾಡಿಗೆ ಏನೂ ಆಗಿಲ್ರಿ ಗೌಡ್ರ," ಎಂದೆ. "ಅಕ್ಕೋರು ಬ್ರೇಕ್ ಮ್ಯಾಲ ಕಾಲ ಇಟ್ಟ ಓಡಸ್ತಾರ. ಹಂಗ ಮಾಡಿದ್ರ ಗಾಡಿ ಹೆಂಗ ಎಳೀತೈತಿ?"

ಬಾನೆಟ್ಟಿನ ಹತ್ತಿರ ನಿಂತಿದ್ದ ಅಕ್ಕೋರು ಮೆಲ್ಲಗೆ ಕೇಳಿದರು, "ಬ್ರೇಕ್ ಮ್ಯಾಲ ಕಾಲ ಇದ್ರ ಆ ದೀಪ ಯಾಕ ಮಿಣಕತೈತ್ರಿ?"

ಸರಿಯಾದ ಪ್ರಶ್ನೆ. ಉತ್ತರ ಇಲ್ಲದವರು ಮಾಡುವುದನ್ನೇ ನಾನೂ ಮಾಡಿದೆ, ಗಾದೆ ಹೇಳಿದೆ. "ಕುಣೀಲಾಕ ಬರದಾಕಿ ನೆಲಾ ಡೊಂಕ ಅಂದ್ಲಂತ." ಅಂಗಡಿಯವರಿಬ್ಬರೂ ನಕ್ಕರು. ಬಿಡಿಭಾಗದವನ ನಗು ದೊಡ್ಡದು, ಹೊಟ್ಟೆ ಕುಣಿಯುತ್ತದೆ, ಬೀದಿಯಲ್ಲಿ ಹೋಗುವವರೂ ತಿರುಗಿ ನೋಡುತ್ತಾರೆ. ಗೌಡರೂ ನಕ್ಕರು. ಅಕ್ಕೋರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕೀಲಿಗೆ ಗೌಡರು ಕೈ ಚಾಚಿದರು, ಆಕೆ ಕೊಟ್ಟರು. ಬಂದಾಗ ಚಾಲಕರ ಸೀಟಿನಲ್ಲಿದ್ದವರು ಹೋಗುವಾಗ ಹಿಂದಿನ ಸೀಟಿನಲ್ಲಿ ಕೂತು ಹೋದರು.

ಮುಂದಿನ ಸಲ ಗೌಡರು ಒಬ್ಬರೇ ಬಂದರು. ಮುಖದಲ್ಲಿ ಗೆಲುವಿರಲಿಲ್ಲ. ಹಿಂದಿನ ದಿನ ಮೊಮ್ಮಗಳನ್ನು ಕೂಡಿಸಿಕೊಂಡು ತೋಟದ ದಾರಿಯಿಂದ ಅಥಣಿ ರಸ್ತೆಗೆ ಏರುತ್ತಿದ್ದರಂತೆ. ಲಾರಿ ದೂರ ಇತ್ತು, ದಾಟಬಹುದು ಎಂದು ಒತ್ತಿದ್ದಾರೆ. ರಸ್ತೆಯ ನಡುವೆ ದೀಪ ಮಿಣುಕಿ ಗಾಡಿ ಸತ್ತಂತೆ ತೆವಳಿತು. ಲಾರಿಯವನು ಪಕ್ಕದ ಮಣ್ಣಿಗೆ ಇಳಿಸಿ ಹೋಗಿದ್ದಕ್ಕೆ ಇಬ್ಬರೂ ಉಳಿದರು.

"ಆಕಿ ಕೈಯಾಗ ಗಾಡಿ ಕೊಡೂದ ಬಿಟ್ಟೇನಿ, ನೀವು ಹೇಳಿದ ದಿನದಿಂದ," ಎಂದರು. "ಮತ್ತ ಬಸ್ಸಿಗೇ ಹೊಕ್ಕಾಳ. ನಿನ್ನಿ ನಾನ ಓಡಸಾಕತ್ತಿದ್ನಿ ಮಿಸ್ತ್ರಿ."

ಬಿಟ್ಟು ಹೋಗಿರಿ, ನೋಡುತ್ತೇನೆ ಎಂದೆ. ಗೌಡರ ಕಾಲು ಎಲ್ಲಿತ್ತು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವರು ಹೇಳಿದ್ದು ಅಕ್ಕೋರು ಹೇಳಿದ್ದನ್ನೇ, ಅದಕ್ಕಿಂತ ಕಡಿಮೆ ವಿವರದಲ್ಲಿ. ಅವರು ಹೇಳಿದ ಕೂಡಲೇ ನಾನು ಗಾಡಿ ಬಿಚ್ಚಲು ನಿಂತೆ.

ಮೊದಲು ಸುಲಭದ್ದು. ಟಯರುಗಳ ಗಾಳಿ ನೋಡಿದೆ, ನಾಲ್ಕೂ ಸರಿ. ಅಳತೆ ನೋಡಿದೆ, ನಾಲ್ಕೂ ಒಂದೇ. ಒಂದು ಟಯರು ಬೇರೆ ಅಳತೆಯದಿದ್ದರೆ ಅದು ಬೇರೆ ವೇಗದಲ್ಲಿ ತಿರುಗುತ್ತದೆ, ಕಂಪ್ಯೂಟರ್ ಮೋಸಹೋಗುತ್ತದೆ. ಅದಲ್ಲ. ಬ್ಯಾಟರಿ ಸರಿ ಇತ್ತು. ಬ್ರೇಕ್ ಒತ್ತಿ ಬಿಟ್ಟು ನೋಡಿದೆ, ಪೆಡಲಿನ ಸ್ವಿಚ್ಚು ಸ್ಕ್ಯಾನರಿನಲ್ಲಿ ಸರಿಯಾಗಿ ತೋರಿಸಿತು. ಸ್ಟೇರಿಂಗ್ ನೇರ ಹಿಡಿದಾಗ ಅದರ ಸೆನ್ಸರ್ ಸೊನ್ನೆಯನ್ನೇ ತೋರಿಸಿತು. ಅಲ್ಲೆಲ್ಲ ಏನೂ ತಪ್ಪಿರಲಿಲ್ಲ.

ಆಮೇಲೆ ಮುಂದಿನ ಎರಡೂ ಚಕ್ರ ಕಳಚಿದೆ. ಮೊದಲ ಪೆಟ್ಟು ಬಿದ್ದದ್ದು ಅಲ್ಲಿ.

ಬ್ರೇಕ್ ಮೇಲೆ ಕಾಲಿಟ್ಟು ಓಡಿಸುವವರ ಗಾಡಿ ಎಲ್ಲವನ್ನೂ ಬಾಯಿಬಿಡುತ್ತದೆ. ಬ್ರೇಕಿನ ಪ್ಯಾಡು ಸವೆದು ತೆಳುವಾಗಿ ಗಾಜಿನಂತೆ ಹೊಳೆಯುತ್ತದೆ, ಡಿಸ್ಕು ಕಾದು ನೀಲಿಗಟ್ಟುತ್ತದೆ. ಈ ಕಾರಿನ ಪ್ಯಾಡುಗಳು ದಪ್ಪಗೆ, ಸಮನಾಗಿ, ಹೊಸವುಗಳಂತೆ ಇದ್ದವು. ಡಿಸ್ಕಿನ ಮೇಲೆ ನೀಲಿಯ ಗುರುತೂ ಇರಲಿಲ್ಲ. ಒಂದು ವರ್ಷದಿಂದ ಇದನ್ನು ದಿನಾ ಓಡಿಸಿದ್ದು ಅಕ್ಕೋರು. ಇಷ್ಟು ಹಗುರ ಕಾಲಿನವರು ನನ್ನ ಗಿರಾಕಿಗಳಲ್ಲಿ ಬಹಳ ಮಂದಿ ಇಲ್ಲ. ಅವತ್ತೇ ಒಂದು ಚಕ್ರ ಬಿಚ್ಚಿ ನೋಡಿದ್ದರೆ ಸಾಕಿತ್ತು, ಚಹಾ ಆರುವುದರೊಳಗೆ ಮುಗಿಯುವ ಕೆಲಸ. ನಾಚಿಕೆಯಾಯಿತು. ಆದರೂ ಆ ನಾಚಿಕೆ ಇನ್ನೂ ಅರ್ಧದ್ದು. ಏನೋ ಸೆನ್ಸರ್ ಹೋಗಿರಬೇಕು, ನಾನು ಸ್ವಲ್ಪ ಅವಸರ ಮಾಡಿದೆ, ಅಷ್ಟೇ ಎಂದುಕೊಂಡೆ.

ಪ್ರತಿ ಚಕ್ರದ ಹತ್ತಿರ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಹೇಳುವುದು ಅದೇ. ಚಕ್ರಗಳನ್ನು ಮತ್ತೆ ಹಾಕಿ, ಜಾಕಿಯ ಮೇಲೆ ಗಾಡಿಯ ಮುಂಭಾಗ ಎತ್ತಿಟ್ಟು, ಸ್ಕ್ಯಾನರಿನ ಪರದೆಯನ್ನು ಎದುರಿಗೆ ಇಟ್ಟುಕೊಂಡು ಚಕ್ರಗಳನ್ನು ಕೈಯಿಂದ ಒಂದೊಂದಾಗಿ ಸಮನಾಗಿ ತಿರುಗಿಸಿದೆ. ಬಲಗಡೆಯದರ ಗೆರೆ ನೆಟ್ಟಗೆ ಹೋಯಿತು. ಎಡಗಡೆಯದು ಆಗಾಗ ಕುಸಿದು ಮೇಲೆ ಹಾರುತ್ತಿತ್ತು. ಟಯರಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಮತ್ತೆ ತಿರುಗಿಸಿದೆ. ಗುರುತು ಕೆಳಗೆ ಬಂದಾಗಲೆಲ್ಲ ಗೆರೆ ಕುಸಿಯುತ್ತಿತ್ತು. ಅಂದರೆ ಒಂದು ಸುತ್ತಿಗೆ ಒಂದು ಸಲ, ಅದೇ ಜಾಗದಲ್ಲಿ. ಹೀಗೆ ಕುಸಿದು ಹಾರಿದ್ದನ್ನು ಕಂಪ್ಯೂಟರ್ ಚಕ್ರ ಜಾರಿತು ಎಂದು ತಿಳಿಯುತ್ತದೆ. ಜೋರಾಗಿ ಹೋಗುವಾಗ ಈ ಸಣ್ಣ ತಪ್ಪು ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ, ನಿಧಾನ ಹೋಗುವಾಗ ಎದ್ದು ಕಾಣುತ್ತದೆ. ಅಕ್ಕೋರ ಮಾತು ಅಕ್ಷರ ಅಕ್ಷರವೂ ಸರಿ ಇತ್ತು.

ಎಡಗಡೆಯ ಸೆನ್ಸರ್ ಬಿಚ್ಚಿ ಬಲಕ್ಕೆ ಹಾಕಿದೆ, ಬಲದ್ದನ್ನು ಎಡಕ್ಕೆ. ಸೆನ್ಸರ್ ಕೆಟ್ಟಿದ್ದರೆ ರೋಗವೂ ಅದರ ಜೊತೆ ಬಲಕ್ಕೆ ಹೋಗಬೇಕು. ಹೋಗಲಿಲ್ಲ. ಎಡಗಡೆಯಲ್ಲೇ, ಸೀಮೆಸುಣ್ಣದ ಅದೇ ಗುರುತಿನಲ್ಲೇ ಗೆರೆ ಕುಸಿಯಿತು. ಈಗ ಉಳಿದದ್ದು ಸೆನ್ಸರ್ ನೋಡುವ ಬಳೆ. ಹಳೆಯ ಗಾಡಿಗಳಲ್ಲಿ ಅದು ಹಲ್ಲಿನ ಕಬ್ಬಿಣದ ಬಳೆಯಾಗಿ ಕಣ್ಣಿಗೆ ಕಾಣುತ್ತಿತ್ತು. ಹೊಸ ಗಾಡಿಗಳಲ್ಲಿ ಬೇರಿಂಗಿನ ಒಂದು ಮುಖಕ್ಕೇ ಕಪ್ಪು ರಬ್ಬರಿನ ಪಟ್ಟಿ ಅಂಟಿರುತ್ತದೆ. ನೋಡಿದರೆ ಬರೀ ಧೂಳು ತಡೆಯುವ ಸೀಲಿನಂತೆ ಕಾಣುತ್ತದೆ, ಆದರೆ ಅದರ ತುಂಬ ಸಣ್ಣ ಸಣ್ಣ ಅಯಸ್ಕಾಂತದ ಮನೆಗಳು ಸಾಲಾಗಿ ಕೂತಿರುತ್ತವೆ. ಅವು ಒಂದೊಂದಾಗಿ ಎದುರಿಗೆ ಹಾದುಹೋಗುವುದನ್ನು ಎಣಿಸಿ ಸೆನ್ಸರ್ ವೇಗ ಹೇಳುತ್ತದೆ.

ಆಗಲೂ ನನಗೆ ಬೆಳಕು ಹರಿಯಲಿಲ್ಲ. ಬೇರಿಂಗ್ ನಕಲಿ ಇರಬೇಕು ಎಂದುಕೊಂಡು ಬಿಡಿಭಾಗದವನನ್ನು ಮನಸ್ಸಿನಲ್ಲೇ ಬೈದೆ. ಇವತ್ತು ಸಂಜೆ ಅವನಿಗೆ ನಾಲ್ಕು ಮಾತು ಹೇಳಬೇಕು ಎಂದು ಅವನ್ನೂ ಜೋಡಿಸಿಟ್ಟುಕೊಂಡೆ. ತಪ್ಪು ಹೊರಿಸಲು ಒಬ್ಬರು ತಪ್ಪಿದರೆ ಇನ್ನೊಬ್ಬರು ನನಗೆ ಸದಾ ಸಿಗುತ್ತಾರೆ.

ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಹೊರಗೆ ತೆಗೆದೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಹಾಳೆ ಇಟ್ಟು, ಗ್ರೈಂಡರಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಪುಡಿಯನ್ನು ಚಿಟಿಕೆಯಲ್ಲಿ ಉದುರಿಸಿ ಹಾಳೆಯನ್ನು ಮೆಲ್ಲಗೆ ತಟ್ಟಿದೆ. ಪುಡಿ ಸರಿದು ಸರಿದು ಗೆರೆಗಳಾಗಿ ನಿಂತಿತು. ಬಾಚಣಿಕೆಯ ಹಲ್ಲಿನಂತೆ ಒಂದರ ಪಕ್ಕ ಒಂದು, ಸುತ್ತಲೂ. ಒಂದು ಕಡೆ ಮಾತ್ರ ಹಲ್ಲು ಉದುರಿತ್ತು. ಅಲ್ಲಿ ಪುಡಿ ಮುದ್ದೆಯಾಗಿ, ಗೆರೆಯೇ ಇಲ್ಲದೆ, ಕಮಾನಿನಂತೆ ಬಾಗಿ ಕೂತಿತ್ತು.

ಹಾಳೆ ತೆಗೆದು ಆ ಜಾಗವನ್ನು ಒರೆಸಿದೆ. ಗ್ರೀಸಿನ ಅಡಿಯಲ್ಲಿ, ಪಟ್ಟಿಯ ಅಂಚಿನ ಸಂದಿಯಲ್ಲಿ, ಕೆಂಪಗೆ ಏನೋ ಮೆತ್ತಿಕೊಂಡಿತ್ತು. ತುಕ್ಕು ಎಂದುಕೊಂಡೆ. ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿದೆ. ತುಕ್ಕಲ್ಲ, ಕುಂಕುಮ.

ನನ್ನ ಅಯಸ್ಕಾಂತ ಎದುರಿನ ಮೇಜಿನ ಮೇಲೆಯೇ ಇತ್ತು, ಮೈತುಂಬ ನಟ್ಟು ಕಚ್ಚಿಕೊಂಡು. ಅದರ ಅಂಚಿನ ಬಾಗಿಗೂ ಹಾಳೆಯ ಮೇಲಿನ ಮುದ್ದೆಯ ಬಾಗಿಗೂ ಅಳತೆಪಟ್ಟಿ ಹಿಡಿದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ಹಿಡಿದು ನೋಡಿದೆ, ಬೇರೆ ಬರಲಿ ಎಂಬ ಆಸೆಯಿಂದ. ಬೇರೆ ಬರಲಿಲ್ಲ. ಅವತ್ತು ಕಾಯಿ ಒಡೆಯುವ ತನಕ ಬೇರಿಂಗ್ ಈ ಕಪ್ಪು ಮುಖವನ್ನು ಕೆಳಗೆ ಮಾಡಿಕೊಂಡು ಒಂದು ಬದಿಯನ್ನು ಆ ಅಯಸ್ಕಾಂತ ರಾಕ್ಷಸನ ಅಂಚಿಗೆ ಒತ್ತಿ ಕೂತಿತ್ತು. ಆ ಬದಿಯ ಸಣ್ಣ ಮನೆಗಳನ್ನು ಅದು ಅಳಿಸಿಹಾಕಿತ್ತು. ಎಳೆಯುತ್ತಿದ್ದ ಗಾಡಿಯನ್ನು ಕೆಡಿಸಿದ್ದು ನಾನು, ಅದೂ ಪೂಜೆ ಮಾಡಿ. ನನ್ನಿಂದ ಕೆಟ್ಟದ್ದನ್ನು ಒಬ್ಬ ಹೆಣ್ಣುಮಗಳ ಕಾಲಿಗೆ ಕಟ್ಟಿದ್ದೂ ನಾನು. ಆಕೆಯ ಮಗಳು ಅದೇ ಗಾಡಿಯಲ್ಲಿ ಲಾರಿಯ ಮುಂದೆ ನಿಂತದ್ದು ನೆನಪಾಯಿತು. ಎದ್ದು ಹೋಗಿ ಮುಖ ತೊಳೆದೆ. ಯಾರೂ ನೋಡುತ್ತಿಲ್ಲವಷ್ಟೇ ಎಂದು ಬಾಗಿಲ ಕಡೆ ತಿರುಗಿ ನೋಡಿದೆ. ಅದನ್ನೂ ಬರೆಯಬೇಕು, ಮೊದಲು ನೋಡಿದ್ದು ಬಾಗಿಲನ್ನು.

ಅಷ್ಟರಲ್ಲಿ ಗೌಡರ ಫೋನು ಬಂತು. ತಿಳಿಯಿತೇ ಎಂದು ಕೇಳಿದರು. ನಾನು ತಡವರಿಸಿದ್ದು ಕೇಳಿ ಅವರೇ ದಾರಿ ತೋರಿಸಿದರು, "ಸೆನ್ಸಾರ್ ಹೋಗಿತ್ತೇನ್ರಿ?"

ನಮ್ಮ ಕಸುಬಿನಲ್ಲಿ ಸೆನ್ಸರ್ ಎನ್ನುವುದು ಬಲು ಉಪಕಾರಿ ಮಾತು. ಅದು ಯಾರ ತಪ್ಪೂ ಅಲ್ಲ. ಹವಾ, ಧೂಳು, ಕಂಪನಿ, ಯಾರ ಮೇಲಾದರೂ ಹೋಗುತ್ತದೆ. ಹೂಂ ಎಂದರೆ ಮುಗಿಯಿತು. ಬೇರಿಂಗ್ ಬದಲಿಸಿ ಕೊಟ್ಟುಬಿಟ್ಟರೆ ಕಾರು ಸರಿ ಹೋಗುತ್ತದೆ, ಕುಂಕುಮದ ಸುದ್ದಿ ನನ್ನ ಉಗುರಿನಲ್ಲೇ ಉಳಿಯುತ್ತದೆ. ಆದರೆ ಸೆನ್ಸರ್ ಸರಿಯಾಯಿತು ಎಂದರೆ ಅಕ್ಕೋರ ಕಾಲು ಬ್ರೇಕಿನಿಂದ ಇಳಿಯುವುದಿಲ್ಲ. ಸೆನ್ಸರೂ ಹೋಗಿತ್ತು, ಆಕೆಗೆ ಓಡಿಸಲೂ ಬರುವುದಿಲ್ಲ, ಎರಡೂ ಆ ಮನೆಯಲ್ಲಿ ನಿಜವಾಗಿ ಉಳಿಯುತ್ತವೆ. ಹೂಂ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಅದನ್ನು ನುಂಗಿ, ಗಾಡಿ ನಾನೇ ತರುತ್ತೇನೆ, ಬಂದು ಹೇಳುತ್ತೇನೆ ಎಂದೆ.

ಹೊಸ ಬೇರಿಂಗ್ ತರಿಸಿದೆ. ಅಯಸ್ಕಾಂತವನ್ನು ಹಿಂದಿನ ಕೋಣೆಗೆ ಒಯ್ದಿಟ್ಟು ಬಂದ ಮೇಲೆಯೇ ಡಬ್ಬಿ ಬಿಚ್ಚಿದೆ. ಕಪ್ಪು ಪಟ್ಟಿಯ ಮುಖ ಒಳಗೆ ಸೆನ್ಸರಿನ ಕಡೆಗೆ ಬರುವಂತೆ ತಿರುಗಿಸಿ, ಡಬ್ಬಿಯಿಂದ ನೇರ ಪ್ರೆಸ್ಸಿಗೆ ಹಾಕಿದೆ. ಎಲ್ಲ ಕೂಡಿಸಿ ಮತ್ತೆ ಸೀಮೆಸುಣ್ಣದ ಗುರುತು ಮಾಡಿ ಚಕ್ರ ತಿರುಗಿಸಿದೆ. ಗೆರೆ ದಾರ ಎಳೆದಂತೆ ನೆಟ್ಟಗೆ ಹೋಯಿತು.

ಮರುದಿನ ಅಥಣಿ ರಸ್ತೆಯ ಹೊಸ ಬಡಾವಣೆಯೊಂದಕ್ಕೆ ಒಯ್ದೆ. ಅಲ್ಲಿ ರಸ್ತೆಗಳಿವೆ, ಮನೆಗಳು ಇನ್ನೂ ಕಡಿಮೆ. ಈ ಸಲ ಅಕ್ಕೋರು ಹೇಳಿದಂತೆ ಓಡಿಸಿದೆ. ನಿಧಾನವಾಗಿ, ತಿರುವಿನಿಂದ ತಿರುವಿಗೆ, ಮತ್ತೆ ಮತ್ತೆ ನಿಂತು ಹೊರಟು. ದೀಪ ಸುಮ್ಮನಿತ್ತು. ಮನೆ ಕಟ್ಟಲು ಸುರಿದಿದ್ದ ಮುರುಮು ಮಣ್ಣಿನ ರಾಶಿಯ ಅಂಚಿಗೆ ಒಂದೇ ಚಕ್ರ ಹತ್ತಿಸಿ ಜೋರಾಗಿ ಒತ್ತಿದೆ. ಚಕ್ರ ಜಾರಿತು, ದೀಪ ಮಿಣುಕಿತು, ಗುರ್ ಎಂದಿತು, ಗಾಡಿ ಮೆಲ್ಲಗೆ ಮೇಲೆ ಬಂತು. ಡಾಂಬರಿಗೆ ಬಂದ ಕೂಡಲೇ ದೀಪ ಆರಿತು. ಜಾರಿದಾಗ ಕೂಗಬೇಕು, ಜಾರದಾಗ ಸುಮ್ಮನಿರಬೇಕು. ಅದಕ್ಕೆ ತನ್ನ ಕೆಲಸ ಮತ್ತೆ ತಿಳಿದಿತ್ತು.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ನೇರ ಟಿಕೋಟಾ. ಗೌಡರ ಕೈಗೆ ಕೀಲಿ ಕೊಟ್ಟು, ಒಂದು ಬದಿಗೆ ಕರೆದು ಹೇಳಿ, ಚಹಾ ಕುಡಿದು ಬರಬಹುದಿತ್ತು. ಗಾಡಿ ಅವರದು, ಕೊಟ್ಟು ಹೋದವರೂ ಅವರೇ. ಸ್ವಲ್ಪ ಹೊತ್ತು ರಸ್ತೆಯ ಬದಿಗೆ ನಿಲ್ಲಿಸಿಕೊಂಡು ಕೂತೆ. ಕೀಲಿ ಹೋದದ್ದು ಯಾರ ಕೈಯಿಂದ ಎಂದು ಯೋಚಿಸಿದೆ. ಆಮೇಲೆ ಗಾಡಿ ತಿರುಗಿಸಿ ಬಬಲೇಶ್ವರದ ದಾರಿ ಹಿಡಿದೆ.

ಸಾಲಿ ಬಿಟ್ಟ ಹೊತ್ತು. ಅಕ್ಕೋರು ಬುತ್ತಿಯ ಚೀಲ ಹಿಡಿದು ಬಸ್ಸು ನಿಲ್ಲುವ ಕಡೆ ಬರುತ್ತಿದ್ದರು. ತಮ್ಮ ಕಾರನ್ನು ಗುರುತಿಸಿ ನಿಂತರು, ಇಳಿದವನು ನಾನೆಂದು ನೋಡಿ ಮುಖ ಬಿಗಿಯಾಯಿತು. ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಅಯಸ್ಕಾಂತದ್ದನ್ನು ಮೊದಲು ಹೇಳಿದೆ. ಪೂಜೆ, ಬೇರಿಂಗ್, ಕಬ್ಬಿಣದ ಪುಡಿ ಎಲ್ಲ ಹೇಳಿದೆ. ಹೇಳುತ್ತಿದ್ದಂತೆ, ಇನ್ನೂ ಹೇಳಬೇಕಾದ್ದನ್ನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿತ್ತು. ಆಕೆ ಕೊನೆಯತನಕ ಕೇಳಿ, ಒಂದೇ ಪ್ರಶ್ನೆ ಹಾಕಿದರು.

"ಮತ್ತ ನನ್ನ ಕಾಲ?"

"ಪ್ಯಾಡ್ ಬಿಚ್ಚಿ ನೋಡೇನ್ರಿ ಅಕ್ಕೋರ. ನಿಮ್ಮ ಕಾಲ ಬ್ರೇಕ್ ಮ್ಯಾಲ ಇದ್ದಿದ್ದಿಲ್ಲ."

"ಅದು ನನಗ ಗೊತ್ತೈತ್ರಿ," ಎಂದರು. "ಗೊತ್ತಿಲ್ಲದವರ ಮುಂದ ಹೇಳ್ರಿ."

ಕೀಲಿ ಚಾಚಿದೆ. ಆಕೆ ಸ್ವಲ್ಪ ಹೊತ್ತು ಅದನ್ನು ನೋಡಿ ಆಮೇಲೆ ತೆಗೆದುಕೊಂಡರು. ನಾನು ಪಕ್ಕದಲ್ಲಿ ಕೂತೆ. ಬಬಲೇಶ್ವರದಿಂದ ಟಿಕೋಟಾದ ತನಕ ಆಕೆ ಓಡಿಸುವುದನ್ನು ನೋಡುತ್ತ ಕೂತೆ. ಗಿಡದ ನೆರಳಲ್ಲಿ ಕುರಿ ಅಡ್ಡ ಬಂದಾಗ ಬ್ರೇಕು, ದಾಟಿದ ಕೂಡಲೇ ಕಾಲು ಹಿಂದೆ. ಪ್ರತಿ ತಿರುವಿನಲ್ಲೂ ಆಕೆಯ ಕಣ್ಣು ಒಮ್ಮೆ ಡ್ಯಾಶ್‌ಬೋರ್ಡಿನ ಒಂದು ಮೂಲೆಗೆ ಹೋಗಿ ಬರುತ್ತಿತ್ತು, ಆ ದೀಪ ಇರುವ ಮೂಲೆಗೆ. ದೀಪ ಹೊತ್ತಲಿಲ್ಲ, ಆದರೂ ಟಿಕೋಟಾ ಮುಟ್ಟುವ ತನಕ ಆ ನೋಟ ನಿಲ್ಲಲಿಲ್ಲ. ನಾನು ಬದಲಿಸಿದ್ದು ಬೇರಿಂಗ್ ಮಾತ್ರ.

ಗೌಡರು ಒಣದ್ರಾಕ್ಷಿಯ ಶೆಡ್ಡಿನಲ್ಲಿದ್ದರು. ನೆಲದ ಮೇಲೆ ತಾಡಪತ್ರಿ ಹಾಸಿ ಹೆಣ್ಣುಮಕ್ಕಳು ಸುತ್ತ ಕೂತು ಹಣ್ಣು ಆರಿಸುತ್ತಿದ್ದರು. ಸೊಸೆ ಗಾಡಿ ತಂದು ನಿಲ್ಲಿಸಿದ್ದನ್ನು ನೋಡಿ ಗೌಡರ ಹುಬ್ಬು ಮೇಲೆ ಹೋಯಿತು. ನನ್ನನ್ನು ಒಳಗೆ ಕರೆದರು, ಚಹಾ ಆಗಲಿ, ಆಮೇಲೆ ಮಾತು ಎಂದರು. ಒಳಗೆ ಹೋದರೆ ಅಲ್ಲೇ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಅಲ್ಲೇ ನಿಂತು ಹೇಳಿದೆ. ಬೇರಿಂಗ್ ಕೆಡಿಸಿದವನು ನಾನು, ಕಾರಿನ ತಪ್ಪನ್ನು ಅಕ್ಕೋರ ಮೇಲೆ ಹಾಕಿದವನೂ ನಾನು ಎಂದೆ.

ಗೌಡರು ಕೈ ಬೀಸಿದರು. "ಇರ್ಲಿ ಬಿಡ್ರಿ, ಮಿಷಿನ್ ಅಂದಮ್ಯಾಲ ಆಗತೈತಿ. ಆಕಿನೂ ಇನ್ನ ಒಂದೀಟ ಕಲೀಬೇಕು."

ಅವರು ಒಳ್ಳೆಯ ಮಾತಿನಿಂದಲೇ ನನ್ನನ್ನು ಉಳಿಸಲು ನೋಡುತ್ತಿದ್ದರು. ಹಿಂದೆ ಅಕ್ಕೋರು ನಿಂತಿದ್ದರು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು.

"ಆಕಿ ಕಲಿಯೂದು ಏನೂ ಇಲ್ರಿ ಗೌಡ್ರ. ಆಕಿ ಹೇಳಿದ್ದು ಖರೇ ಇತ್ತು. ನಾ ಕೇಳ್ಲಿಲ್ಲ. ನನ್ನ ಮಾತ ಕೇಳಿ ನೀವು ಕೀಲಿ ಕಸಗೊಂಡ್ರಿ."

ಹಣ್ಣು ಆರಿಸುತ್ತಿದ್ದ ಕೈಗಳು ನಿಂತವು. ಗೌಡರು ಬಗ್ಗಿ, ತಾಡಪತ್ರಿಯಿಂದ ಹೊರಗೆ ಉರುಳಿದ್ದ ಒಂದು ಹಣ್ಣನ್ನು ಎತ್ತಿ ರಾಶಿಗೆ ಹಾಕಿದರು. ಸಿಟ್ಟಾಗುತ್ತಾರೆ ಎಂದುಕೊಂಡೆ, ಆಗಿದ್ದರೆ ನನಗೆ ಹಗುರಾಗುತ್ತಿತ್ತು. ಕಡೆಗೆ ನನ್ನ ಕಡೆ ನೋಡದೆ ಸೊಸೆಗೆ ಹೇಳಿದರು, "ಯವ್ವಾ, ಮಿಸ್ತ್ರಿನ್ನ ಬಸ್ ಸ್ಟ್ಯಾಂಡ್ ತನಕ ಬಿಟ್ಟ ಬಾ." ಕೀಲಿಯನ್ನು ಅವರು ಕೇಳಲಿಲ್ಲ.

ಸ್ಟ್ಯಾಂಡಿನಲ್ಲಿ ಇಳಿದು ಕೈ ಮುಗಿದೆ. ಅಕ್ಕೋರು ಎಂಜಿನ್ ಬಂದ್ ಮಾಡಿರಲಿಲ್ಲ.

"ಆವತ್ತ ನಿಮ್ಮ ಗ್ಯಾರೇಜಿನ್ಯಾಗ ಇನ್ನಿಬ್ಬರು ನಕ್ಕಿದ್ರು," ಎಂದಷ್ಟೇ ಹೇಳಿ ಗಾಡಿ ತಿರುಗಿಸಿಕೊಂಡು ಹೋದರು.

ಮರುದಿನವೇ ಹೇಳಬಹುದಿತ್ತು. ಇಬ್ಬರೂ ದಿನಾ ಚಹಾಕ್ಕೆ ಬರುವವರು. ಹೇಳಲಿಲ್ಲ. ಬೇರೆ ಕೆಲಸವೇನೋ ಮಾಡಿದೆ. ಆ ಅಯಸ್ಕಾಂತದ ಮೇಲೆ ಕೂತು ಹೋದ ಬೇರಿಂಗು ಯಾವ ಯಾವ ಹೊಸ ಗಾಡಿಗೆ ಹೋಗಿತ್ತು ಎಂದು ನೆನಪು ಮಾಡಿಕೊಂಡು, ಅವರಿಗೆಲ್ಲ ಫೋನು ಹಚ್ಚಿ ಕರೆಸಿ, ಸೀಮೆಸುಣ್ಣ ಎಳೆದು ಚಕ್ರ ತಿರುಗಿಸಿ ನೋಡಿದೆ. ಇನ್ನೊಂದು ಗಾಡಿಯಲ್ಲಿ ಅದೇ ರೋಗ ಸಿಕ್ಕಿತು. ಆ ಯಜಮಾನರಿಗೂ ಹೇಳಿದೆ. ಆದರೆ ಗಿರಾಕಿಗೆ ಹೇಳುವುದು ಬೇರೆ, ದಿನಾ ಜೊತೆಗೆ ಚಹಾ ಕುಡಿಯುವವರಿಗೆ ಹೇಳುವುದು ಬೇರೆ. ನಾಳೆ, ನಾಡಿದ್ದು ಎಂದು ದೂಡುತ್ತ ಬಂದೆ.

ಮುಂದಿನ ಅಮಾವಾಸ್ಯೆ ಬಂತು. ಕಾಯಿ ಒಡೆದು ಅಯಸ್ಕಾಂತಕ್ಕೆ ಕುಂಕುಮ ಹಚ್ಚಿದೆ. ಒಂದು ಗಾಡಿಗೆ ಹಾಕಲು ತಂದ ಹೊಸ ಬೇರಿಂಗ್ ಅದರಿಂದ ದೂರ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಡಬ್ಬಿಯಲ್ಲೇ ಇತ್ತು. ಪ್ರಸಾದಕ್ಕೆ ಬಂದ ಬಿಡಿಭಾಗದವನು ಅದನ್ನು ನೋಡಿ, ಇದನ್ನು ದೇವರ ಮೇಲೆ ಏಕೆ ಕೂಡಿಸಿಲ್ಲ ಎಂದು ಕೇಳಿದ. ಟಯರಿನವನು ಕೊಬ್ಬರಿ ಅಗಿಯುತ್ತ ಕೂತಿದ್ದ. ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮೊದಲಿನಿಂದ ಕೊನೆಯ ತನಕ ಹೇಳಿದೆ. ಅಕ್ಕೋರ ಪ್ರಶ್ನೆಯನ್ನೂ ಹೇಳಿದೆ, ಅದಕ್ಕೆ ನಾನು ಗಾದೆ ಹೇಳಿದ್ದನ್ನೂ ಹೇಳಿದೆ.

ಬಿಡಿಭಾಗದವನು ಪ್ರಸಾದದ ಕೊಬ್ಬರಿ ಬಾಯಿಗೆ ಹಾಕಿಕೊಂಡ. ಆಮೇಲೆ, "ಹಂಗಾರ ಕುಣೀಲಾಕ ಬರದಾಂವ ನೀನ ಆದ್ಯಲ್ಲೋ ಮಿಸ್ತ್ರಿ," ಎಂದು ನಗತೊಡಗಿದ. ಅದೇ ದೊಡ್ಡ ನಗು, ಹೊಟ್ಟೆ ಕುಣಿಯುವ ನಗು. ಟಯರಿನವನೂ ನಕ್ಕ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಕಿವಿ ಕಾದವು. ಕೈಯಲ್ಲಿದ್ದ ಪಾನಾವನ್ನು ಎಲ್ಲಿಡಬೇಕೆಂದು ತಿಳಿಯದೆ ಬಾನೆಟ್ಟಿನ ಹತ್ತಿರ ನಿಂತೆ.

ಅವತ್ತು ಅಕ್ಕೋರು ನಿಂತದ್ದು ಇದೇ ಜಾಗದಲ್ಲಿ. ಇದೇ ನಗುವನ್ನು ಪೂರ್ತಿ ಕೇಳಿಸಿಕೊಂಡು, ಕೀಲಿ ಮಾವನ ಕೈಗೆ ಕೊಟ್ಟು, ಹಿಂದಿನ ಸೀಟಿಗೆ ಕೂರುವ ಮೊದಲು ಆಕೆ ನನ್ನ ಕಡೆ ತಿರುಗಿ "ಬರ್ತೀನ್ರಿ" ಎಂದು ಹೇಳಿ ಹೋಗಿದ್ದರು. ನಾನು ಅದಕ್ಕೆ ಹೂಂ ಎಂದೂ ಅಂದಿರಲಿಲ್ಲ.